ಐದರಲ್ಲಿ ನಾಲ್ಕು

ಅಡಿಲೇಡಿನ ತರಬೇತಿಯಲ್ಲಿ ಒಂದು ಹಾಳೆ ಕೊಟ್ಟರು:
ಮಾತ್ರೆಯ ಚಟ ಗುರುತಿಸಲು ಎಷ್ಟು ಬಲ್ಲಿರಿ, ಐದರಲ್ಲಿ?
ನಾಲ್ಕಕ್ಕೆ ಸುತ್ತು ಹಾಕಿ, ಬಿಸ್ಕತ್ತು ತಿಂದು
ವಯಾಲಾದ ಬಸ್ಸು ಹತ್ತಿದೆ.

ಕೊರಳಲ್ಲಿ ಹಾವಿನ ಹಚ್ಚೆಯ ಹುಡುಗ,
ಉಕ್ಕಿನ ಕಾರ್ಖಾನೆಯಲ್ಲಿ ಬೆನ್ನು ಮುರಿದುಕೊಂಡವನು.
ಅವನ ಚೀಟಿಯನ್ನು ಬೆಳಕಿಗೆ ಹಿಡಿದೆ,
ಡಾಕ್ಟರಿಗೆ ಎರಡು ಸಲ ಫೋನು ಮಾಡಿದೆ.
ನಿಂತೇ ಇದ್ದ, ಕೌಂಟರಿನ ಅಂಚು ಹಿಡಿದು.
ಎಲ್ಲ ಸರಿಯಿತ್ತು.

ಮಿಸೆಸ್ ಟ್ರೆಗೆಂಜಾ ಬಂದರೆ ಬೇರೆ ಮಾತು.
ಕಾಗದದ ಚೀಲದಲ್ಲಿ ಅವರ ಹಿತ್ತಲ ನಿಂಬೆ;
ನಾಗಭೂಷಣ ಎಂದು ಪೂರ್ತಿ ಕರೆಯುವವರು
ಈ ಊರಲ್ಲಿ ಅವರೊಬ್ಬರೇ.
ಪರದೆ ಕೆಂಪಾಯಿತು: ಮೂವರು ಡಾಕ್ಟರು, ಒಂದೇ ಔಷಧ.
ಯಂತ್ರಕ್ಕೇನು ಗೊತ್ತು ಮನುಷ್ಯರ ವಿಷಯ
ಅಂದುಕೊಂಡು ಗುಂಡಿ ಒತ್ತಿ ದಾಟಿದೆ.
ಒಂದು ಸಲವಲ್ಲ. ಏಳು ತಿಂಗಳು.

ನಿನ್ನೆ ಚೀಲ ಇಡುವಾಗ ಅವರ ಕೈ ತಪ್ಪಿ
ನಿಂಬೆಗಳು ಉರುಳಿದವು,
ತೂಕದ ಯಂತ್ರದ ಅಡಿಗೆ,
ಮಕ್ಕಳ ಕೆಮ್ಮಿನ ಸಿರಪ್ಪಿನ ಸಾಲಿಗೆ.
ಇಬ್ಬರೂ ಬಗ್ಗಿ ಹೆಕ್ಕುತ್ತಿದ್ದೆವು,
ಯಾರ ಮುಖವೂ ಯಾರಿಗೂ ಕಾಣದ ಹಾಗೆ.
ಆಗ ಅವರೇ ಕೇಳಿದರು:
"ನಿನಗೆ ಗೊತ್ತಿತ್ತು, ಅಲ್ವಾ?"

ಗೊತ್ತಿತ್ತು, ಎಂದೆ.
ಒಳಗಿನಿಂದ ಕುರ್ಚಿ ತಂದು ಹಾಕಿದೆ.
ಹುಡುಗ ಬಂದ ದಿನವೂ
ಅದು ಒಳಗೇ ಇತ್ತು.