ಒಂದು ಕೆಜಿ ನೂರು ಗ್ರಾಂ

ಮೊದಲ ವರ್ಷ ಒಂಬತ್ತು ಕೆಜಿ ನಾಲ್ಕುನೂರು ಗ್ರಾಂ ಅಕ್ಕಿ.
ತಲೆಗೆ ನೂರು ಗ್ರಾಂ, ಬರಕೊಳ್ಳಿ ಸಾಹೇಬ್ರೆ,
ನೀವು ಲೆಕ್ಕ ಕೇಳಾಕೆ ಬಂದೀರಿ ಅಂತ ಹೇಳ್ತೀನಿ.
ತೊಂಬತ್ನಾಲ್ಕು ತಟ್ಟೆ.

ಆಮೇಲೆ ಮಂಡಕ್ಕಿ ಭಟ್ಟಿ ಸಂದಿಗೆ ಹಳದಿ ವ್ಯಾನು ಬಂತು,
ಅದು ಹಾರ್ನು ಹೊಡೆದಂಗೆಲ್ಲ ನನ್ನ ಅಳತೆ ಸಣ್ಣದಾತು.
ಅರವತ್ತು. ಮೂವತ್ತೆರಡು.
ಕಡೇ ವರ್ಷ ಒಂದು ಕೆಜಿ ನೂರು ಗ್ರಾಂ.
ದೊಡ್ಡ ಪಾತ್ರೆ ತಳದಾಗೆ ಅಷ್ಟು ಅನ್ನ
ಬೇಯೋ ಮುಂಚೆ ಹತ್ತತೈತಿ.
ಸಣ್ಣ ಪಾತ್ರೆ ಕೊಡ್ರಿ ಅಂತ ಅರ್ಜಿ ಬರೆಸಿದ್ದೆ
ಗುರುಬಸಮ್ಮ ಟೀಚರ್ ಕೈಲಿ.
ಪಾತ್ರೆ ಬರಲಿಲ್ಲ,
ವಿಲೀನ ಅಂತ ಒಂದು ಕಾಗದ ಬಂತು.

ವಿಲೀನ ಅಂದ್ರೇನು ಟೀಚರ್, ಅಂದೆ.
ಸಕ್ಕರೆ ಹಾಲಿನಾಗೆ ಕರಗಿದಂಗೆ, ಹಾಲಮ್ಮ, ಅಂದ್ರು.
ಅಂದು, ಮುಖ ತಿರುಗಿಸಿ,
ಹಾಜರಿ ಪುಸ್ತಕಕ್ಕೆ ರಟ್ಟು ಹಾಕ್ತಾ ಕುಂತ್ರು.
ಮುಗಿದ ಪುಸ್ತಕಕ್ಕೆ ಹೊಸ ರಟ್ಟು.

ಹಾಲು ಎಲ್ಲೈತಿ ಅಂದ್ರೆ ರೈಲ್ವೆ ಗೇಟಿನ ಆಚೆ.
ಒಂದೂವರೆ ಕಿಲೋಮೀಟರು, ನಕ್ಷೆಯಾಗೆ.
ನಕ್ಷೆಯಾಗೆ ಗೇಟು ಹಾಕಲ್ಲ.
ನಕ್ಷೆಯಾಗೆ ಗೂಡ್ಸು ರೈಲು ಅರ್ಧ ತಾಸು ನಿಂತಿರಲ್ಲ,
ಎರಡನೇ ಕ್ಲಾಸಿನ ಹುಡುಗ ಅದರ ಕೆಳಗೆ
ಚೀಲ ಮುಂದೆ ದೂಡಿ, ತೆವಳಿ, ಆಚೆ ಏಳಲ್ಲ.
ದುರುಗೇಶ ಎದ್ದ. ಒಂದು ವಾರ ಎದ್ದ.
ಅವರವ್ವ ಕಂಡ ದಿನ
ಕಿವಿ ಹಿಡಿದು ಎಳಕೊಂಡು ಬಂದು ಭಟ್ಟಿ ಮುಂದೆ ಕೂರಿಸಿದಳು:
ಓದದಿದ್ರೂ ಸೈ, ಇದ್ದರೆ ಸಾಕು.

ಉಳಿತಾಯ ಅಂದ್ರಲ್ಲ ನೀವು,
ಒಂದೊಂದು ಹುಡುಗನ ಮೇಲೆ ಸರ್ಕಾರ ಇಷ್ಟು ಸಾವಿರ ಸುರೀತಿತ್ತು ಅಂತ.
ಖರೆ ಇರಬೌದು. ನಾನು ಓದಿದಾಕಿ ಅಲ್ಲ,
ನಾಲ್ಕನೇ ಕ್ಲಾಸಿನ ಕಿಟಕಿ ಕೆಳಗೆ ಸೊಪ್ಪು ಸೋಸ್ತಾ
ಕಾಗುಣಿತ ಕದ್ದಾಕಿ.
ಹದಿಮೂರು ವರ್ಷ ಕಲ್ತೆ, ಫೀಸು ಕೊಡಲಿಲ್ಲ,
ನಿಮ್ಮ ಯಾವ ಪುಸ್ತಕದಾಗೂ ನನ್ನ ಹೆಸರಿಲ್ಲ.
ಆ ಖರ್ಚು ಯಾರ ತಲೆ ಮೇಲೆ ಹಾಕ್ತೀರಿ?

ಮುಬೀನಾ ಆಟೋದಾಗೆ ಹೋಗ್ತಾಳೆ.
ಆಟೋದ ಬಾಡಿಗೆಗೆ ಅವರಮ್ಮ
ದಿನಾ ಎರಡು ಚೀಲ ಹೆಚ್ಚಿಗೆ ಹುರೀತಾಳೆ, ಕಾದ ಉಸುಕಿನಾಗೆ.
ನಿಮಗೆ ಉಳಿದ ದುಡ್ಡು ಎಲ್ಲೂ ಹೋಗಿಲ್ಲ ಸಾಹೇಬ್ರೆ,
ಆಕೆ ಅಂಗೈ ಬೊಬ್ಬೆಯಾಗೆ ಐತಿ.

ಕರಿಯಪ್ಪನ ಮೊಮ್ಮಗಳು ಎಲ್ಲಿಗೂ ಹೋಗಲ್ಲ.
ಎರಡು ಸಲ ಅನ್ನ ಹಾಕಿಸಿಕೊಳ್ಳೋ ಹುಡುಗಿ ಅದು.
ನನ್ನ ಮನೆಗೆ ಬಂದ್ರೆ ಕೊಡ್ತಿದ್ದೆ. ಬರಲ್ಲ.
ಸಾಲಿಯಾಗೆ ತಟ್ಟೆ ಒಡ್ಡೋದು ಬ್ಯಾರೆ,
ಮಂದಿ ಬಾಗಿಲಾಗೆ ಒಡ್ಡೋದು ಬ್ಯಾರೆ.

ಮೊನ್ನೆ ಓಟಿನ ದಿನ ಬೀಗ ತೆಗೆದ್ರು.
ಹಿಂದಿನ ರಾತ್ರಿ ಕಸ ಹೊಡೆದು, ನೀರು ಹಾಕಿ ತೊಳೆದು,
ಲೈಟು ಉರೀತಿತ್ತು!
ಟೀಚರ್ ನಾಲ್ಕು ವರ್ಷ ಬೇಡಿದ ಕರೆಂಟು
ಒಂದು ದಿನದ ಮಟ್ಟಿಗೆ ಬಂದಿತ್ತು.
ಪಾಳಿಯಾಗೆ ಮೀಸೆ ಬಂದೋರು, ಕೂಸು ಎತ್ತಿಕೊಂಡೋರು.
ಮುಖ ಮರೆತೀನಿ, ತುತ್ತು ಮರೆತಿಲ್ಲ.
ಇವನು ಬದನೆಕಾಯಿ ಆರಿಸಿ ಗೋಡೆ ಆಚೆ ಎಸೀತಿದ್ದ,
ಈಕೆ ಅರ್ಧ ಮೊಟ್ಟೆ ತಮ್ಮಗೆ ಅಂತ
ಲಂಗದಾಗೆ ಸುತ್ತಿಕೊಂಡು ಓಡ್ತಿದ್ದಳು.

ನನ್ನ ಬೆರಳಿಗೆ ಮಸಿ ಹಚ್ಚಿದ್ರು.
ತಿರುಗಿ ನೋಡ್ತೀನಿ,
ಬೋರ್ಡಿನ ಮೂಲೆಯಾಗೆ ಟೀಚರ್ ಅಕ್ಷರ, ಹಂಗೇ ಐತಿ:
ಒಟ್ಟು ೧೧, ಹಾಜರಿ ೧೧.
ಕಡೇ ದಿನ ಒಬ್ಬರೂ ತಪ್ಪಿಸಿರಲಿಲ್ಲ.
ನಿಂತು ಓದಿದೆ, ಬಾಯಿಬಿಟ್ಟು, ಕೂಡಿಸಿ ಕೂಡಿಸಿ.
ಮುಂದೆ ನಡಿಯಮ್ಮ, ಅಂದ ಕುರ್ಚಿ ಮೇಲಿನೋನು,
ಹಿಂದೆ ಜನ ಕಾಯ್ತಾರೆ.

ಹೊರಗೆ ಬಂದು ಅಡಿಗೆ ಕೋಣೆ ಬಾಗಿಲು ದೂಡಿದೆ.
ಒಲೆ ಮೇಲೆ ಬೆಕ್ಕು ಮರಿ ಹಾಕಿತ್ತು.
ತಕ್ಕಡಿ ಯಾರೋ ಒಯ್ದಾರೆ,
ನೂರು ಗ್ರಾಮಿನ ಬಟ್ಟು ಒಂದು ಮೂಲೆಯಾಗೆ ಬಿದ್ದಿತ್ತು.
ಸೊಂಟಕ್ಕೆ ಸಿಗಿಸಿಕೊಂಡು ಬಂದೀನಿ.
ನಿಮ್ಮ ಸಾಮಾನಿನ ಪಟ್ಟಿಯಾಗೆ ಅದು ಕಡಿಮೆ ಬೀಳ್ತೈತಿ.
ಅದರ ಮುಂದೆ
ನನ್ನ ಹೆಸರು ಬರಕೊಳ್ಳಿ.