ಹಿತ್ತಾಳೆ ಬಿಲ್ಲೆ

ಟಾರ್ಟು ನಗರದ ನಾಟಕಶಾಲೆ, ನೆಲಮಾಳಿಗೆ.
ಕೋಟು ಕಾಯುವ ಹೆಲ್ವೆ ಅಜ್ಜಿಯ ಕಟ್ಟೆಯ ಹಿಂದೆ
ಲ್ಯಾಪ್‌ಟಾಪ್ ತೆರೆದು ಕೂತಿದ್ದೇನೆ. ಇಲ್ಲಿ ಬೆಚ್ಚಗಿದೆ.
ಮೇಲೆ ಎರಡನೆಯ ಅಂಕ. ಹೊರಗೆ ನದಿ ಕಲ್ಲಾಗಿದೆ.

ನಾಳೆ ಹತ್ತಕ್ಕೆ ಪರೀಕ್ಷೆ.
ನಾನು ಬರೆದ ಮೆಥಡ್ ನನ್ನ ಮಾತು ಅರ್ಧವೇ ಕೇಳುತ್ತದೆ:
ಪಟ್ಟಿ ಕೊಟ್ಟೆ, ಒಳಗೊಂದು ಹೆಸರು ಸೇರಿಸಿತು,
ಹೊರಬಂದು ನೋಡಿದರೆ ಹೆಸರಿದೆ.
ಆ ಪಟ್ಟಿಯ ಜಾಗಕ್ಕೆ ಹೊಸ ಪಟ್ಟಿಯನ್ನೇ ತಂದಿಟ್ಟಿತು,
ಹೊರಗೆ ನನ್ನದು ಹಳೆಯದೇ.
ಇದೆಂಥ ವಿಧೇಯತೆ, ಎಂದೆ ಗಟ್ಟಿಯಾಗಿ.

ಅಜ್ಜಿ ತಲೆಯೆತ್ತಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದಳು.
'ಅದರ ಕೈಗೆ ಏನು ಕೊಟ್ಟೆ, ತಾವೆತ್?
ಕೋಟನ್ನೋ, ಬಿಲ್ಲೆಯನ್ನೋ?'

ಅವಳ ತೊಡೆಯ ಮೇಲೆ ಕಂದು ಉಣ್ಣೆ, ಇನ್ನೂರ ಹದಿನೇಳು,
ಎರಡನೆಯ ಗುಂಡಿ ಇಲ್ಲ.
'ಪ್ರತಿ ಅಂಕೆಗೂ ಎರಡು ಬಿಲ್ಲೆ.
ಒಂದು ಡಾಕ್ಟರ್ ವಾರಿಕ್ ಜೇಬಿಗೆ, ಒಂದು ನನ್ನ ಡಬ್ಬಿಗೆ.
ಗುಂಡಿ ಹೊಲಿದಿಟ್ಟರೆ ಅವರಿಗೆ ಸಿಗುತ್ತೋ ಇಲ್ಲವೋ?'
ಸಿಗುತ್ತದೆ.
'ಈಗ ನನಗೆ ಆಸೆ ಹುಟ್ಟಿತು ಅನ್ನು. ನನ್ನ ಬಿಲ್ಲೆಯ ಅಂಕೆ ಕೆರೆದು
ಮೂವತ್ತು ಅಂತ ಕೊರೆದೆ. ಅಲ್ಲಿ ನರಿತುಪ್ಪಳ ತೂಗುತ್ತಿದೆ.
ಅವರ ಬಿಲ್ಲೆ ಏನನ್ನುತ್ತೆ?'
ಇನ್ನೂರ ಹದಿನೇಳು.
'ಮತ್ತೆ? ನರಿ ನನ್ನ ಕನಸು. ಅವರಿಗೇನು.'

ಹಲ್ಲಿನಿಂದ ದಾರ ಕಡಿದಳು.
ನಾನು ಒಂದು ಸಾಲು ಅಳಿಸಿದೆ, ಇನ್ನೊಂದು ಬರೆದೆ, ಓಡಿಸಿದೆ.
ಓಡಿತು. ಅವಳು ಕೇಳಲೂ ಇಲ್ಲ.

ಕೊನೆಯ ಮೊಳೆ, ನಾನ್ನೂರ ಮೂರು.
ಬೂದು ಕೋಟು; ಜೇಬಿನಲ್ಲಿ ಒಂದೇ ಕೈಗವಸು.
ಚಳಿಗಾಲ ಹೋಯಿತು, ಬಂತು, ತೊಟ್ಟವರು ಬರಲಿಲ್ಲ.
ಯಾರ ಕೈಯಲ್ಲೂ ಬಿಲ್ಲೆಯಿಲ್ಲದ ಕೋಟನ್ನು
ತಿಂಗಳ ಕೊನೆಗೆ ತಳ್ಳುಗಾಡಿ ಒಯ್ಯುತ್ತದೆ. ಅದು ನಿಯಮ.
ಜೋಡಿ ಬಿಲ್ಲೆ ಡಬ್ಬಿಯಲ್ಲಿಲ್ಲ,
ಅಜ್ಜಿಯ ಏಪ್ರನ್ನಿನಲ್ಲಿದೆ, ಕೆಮ್ಮಿನ ಗುಳಿಗೆಗಳ ನಡುವೆ.
ಇದು ಮೋಸವಲ್ಲವೇ?
'ಎಣಿಸಿಕೋ,' ಎಂದಳು. 'ಒಂದು ಬಿಲ್ಲೆ ಇನ್ನೂ ಹೊರಗಿದೆ.'

ಮೇಲೆ ಚಪ್ಪಾಳೆ. ಆಮೇಲೆ ಮೆಟ್ಟಿಲ ತುಂಬ ಬೂಟು.
ನಾನೂ ಎದ್ದೆ, ಹಿತ್ತಾಳೆ ತೆಗೆದುಕೊಂಡು ಉಣ್ಣೆ ಕೊಡುತ್ತ,
ಹೆಸರು ಕೇಳದೆ, ಮುಖ ನೋಡದೆ.
ಡಾಕ್ಟರ್ ವಾರಿಕ್ ನಾಟಕವನ್ನು ಬೈಯುತ್ತಲೇ ತೋಳು ತೂರಿಸಿದರು;
ಮೊದಲ ಗುಂಡಿ, ಆಮೇಲೆ ಅಭ್ಯಾಸದಂತೆ ಮೂರನೆಯದಕ್ಕೆ
ಹಾರಬೇಕಿದ್ದ ಬೆರಳು
ನಡುವೆ ಏನೋ ತಗುಲಿ
ನಿಂತಿತು.