ಎರಡನೇ ಚರಣ

ರಟ್ಟಿನ ಪೆಟ್ಟಿಗೆ, ಮೇಲೆ ‘ಬಿ.ಎಸ್. ಕೊಬ್ಬರಿ ಮಂಡಿ, ಅರಸೀಕೆರೆ’.
ಒಳಗೆ ಹನ್ನೊಂದು ಕ್ಯಾಸೆಟ್ಟು,
ಯಾರದೋ ಪ್ರವಚನ ಅಳಿಸಿ ನಮ್ಮನ್ನು ತುಂಬಿಕೊಂಡವು.
ಮುರಿದ ಕಿವಿಗೆ ಅಂಟಿಸಿದ ಸೆಲೋಟೇಪು
ಬೆರಳು ತಾಗಿದರೆ
ಈರುಳ್ಳಿ ಸಿಪ್ಪೆಯಂತೆ ಉದುರುತ್ತದೆ.

ಪ್ಲೇಯರ್ ಸಿಕ್ಕಿದ್ದು ಇಲಿಯಾಸನ ಮಗನ ಅಂಗಡಿಯಲ್ಲಿ.
ಬೆಲ್ಟು ಸಡಿಲ. ನೋಟಿನ ಕಟ್ಟಿಗೆ ಹಾಕುವ
ರಬ್ಬರ್ ಬ್ಯಾಂಡೊಂದನ್ನು ತೊಡಿಸಿದೆ.
ಓಡಿತು. ಕೊಂಚ ನಿಧಾನ.
ಹಾಗಾಗಿ ಇಪ್ಪತ್ತಾರರ ನನ್ನ ದನಿ
ಈಗಿನ ನನ್ನ ದನಿಯಷ್ಟೇ ದಪ್ಪ.

ಮೊದಲು ಸುರ್ರನೆ ಗಾಳಿ.
ಆಮೇಲೆ ಇಲಿಯಾಸ್: ‘ಒಂದ್, ಎರಡ್, ಮೂರ್, ಹೂಂ.’
ಅವನ ಎಣಿಕೆಯಲ್ಲಿ ನಾಲ್ಕು ಅಂತ ಇರಲೇ ಇಲ್ಲ.
ಬಸ್ಸಿನ ಸೀಟು ಹೊಲಿಯುವ ಬೆರಳಲ್ಲೇ
ಬುಲ್‌ಬುಲ್ ತರಂಗದ ಗುಂಡಿ ಒತ್ತುತ್ತಿದ್ದ.
ಸೂಜಿ ಚುಚ್ಚಿಕೊಂಡು ಬಟ್ಟೆ ಸುತ್ತಿದ ದಿನ
ಒಂದು ಸ್ವರ ಬಿಟ್ಟು ಉಳಿದದ್ದೆಲ್ಲ ಸರಿ.

ಗೋದಾಮೇ ಸ್ಟುಡಿಯೊ.
ಸುತ್ತ ಮೂಟೆ ಪೇರಿಸಿದ್ದರೆ ದನಿ ಅಲ್ಲೇ ಇಂಗುತ್ತಿತ್ತು.
ಹರಾಜಿನ ಮರುದಿನ ಒಂದು ಮೂಟೆಯೂ ಇಲ್ಲ,
ಆವತ್ತು ಹಾಡಿದ್ದು ಬಾವಿಯೊಳಗಿಂದ ಬಂದಂತಿದೆ.
ಯಾವ ಹಾಡು ಕೇಳಿಸಿದರೂ ಹೇಳಬಲ್ಲೆ
ಆ ದಿನ ಎಷ್ಟು ಮಾಲು ಇತ್ತೆಂದು.
ಬೇರೇನೂ ಅಷ್ಟು ಖಚಿತವಾಗಿ ನೆನಪಿಲ್ಲ.

ತೂಕದ ಚೀಟಿಯ ಬೆನ್ನಿಗೆ ಬರೆದವು.
ಪಲ್ಲವಿ ತಾನೇ ಬರುತ್ತಿತ್ತು, ಬೆಕ್ಕು ಮನೆಗೆ ಬರುವ ಹಾಗೆ.
ಮೊದಲ ಚರಣಕ್ಕೆ ತಿಣುಕಾಟ.
ಎರಡನೆಯದರಲ್ಲಿ ‘ಬೋಗಿ’ ಅಂತ ಶುರುಮಾಡಿ
ಹೋಗಿ, ಜೋಗಿ, ತೂಗಿ, ಬಾಗಿ,
ಮಾಗಿಯೂ ಮುಗಿದು
‘ಲಾಲಾಲ ಲಾಲ ಲಾ’ ಅಂತ ಹಾಡಿಬಿಟ್ಟಿದ್ದೇನೆ.
ಹನ್ನೊಂದರಲ್ಲಿ ಒಂಬತ್ತರಲ್ಲಿ ಇದೇ ಲಾಲಾಲ.
ಮಾತು ಬಂದಾಗ ಬಂದು ಕೂರಲಿ ಅಂತ
ಬಸ್ಸಿನ ಕಿಟಕಿಯಿಂದ ಸೀಟಿಗೆಸೆದ ಟವೆಲ್ಲು.

ಅಷ್ಟರಲ್ಲಿ ರೈಲು. ಪ್ರತಿ ಹಾಡಿನೊಳಗೂ ರೈಲು.
‘ಥೂ, ಹಾಳಾಯ್ತು’ ಅನ್ನುತ್ತೇನೆ. ಟಕ್.
ಇಷ್ಟು ವರ್ಷ ಇದನ್ನೇ ಹೇಳಿಕೊಂಡು ತಿರುಗಿದ್ದೆ:
ಜಂಕ್ಷನ್ನಿನ ಊರಲ್ಲಿ ಹುಟ್ಟಿದ್ದೇ ತಪ್ಪು ನೋಡಿ,
ಇಲ್ಲದಿದ್ದರೆ.

ಏಳನೇ ಕ್ಯಾಸೆಟ್ಟು, ಬಿ ಮಗ್ಗುಲು.
ಇಲ್ಲಿ ಬಟನ್ ಒತ್ತಲು ಮರೆತಿದ್ದೇನೆ.
ರೈಲು ಬರುತ್ತದೆ, ಹಾಯುತ್ತದೆ,
ಹೋಗುತ್ತದೆ. ಪೂರಾ ಹೋಗುತ್ತದೆ.
ತಕ್ಕಡಿಯ ಸರಪಳಿ ಒಮ್ಮೆ ಕಿಣಿ ಅನ್ನುತ್ತದೆ.
‘ಹೋಯ್ತಲ್ಲ. ಹಾಡು.’
ನಾನು ಮಾತಾಡುವುದಿಲ್ಲ.
‘ಎಲ್ಲಾ ರೈಲೂ ಹೋಗ್ತಾವೆ ಕಣೋ. ಹಾಡು.’
‘ಹೊತ್ತಾಯ್ತು, ಬೀಗ ಹಾಕ್ಬೇಕು’
ಅನ್ನುತ್ತದೆ ನನ್ನ ದನಿ, ಗುಮಾಸ್ತನ ದನಿ,
ಲೆಕ್ಕ ತಪ್ಪಿದಾಗ ಸಾಹುಕಾರರ ಮುಂದೆ
ತೆಗೆಯುತ್ತಿದ್ದ ಅದೇ ದನಿ.

ಹಿಂದಕ್ಕೆ ತಿರುಗಿಸಿದೆ. ಮತ್ತೆ ಕೇಳಿದೆ.
ಅಡುಗೆಮನೆಯಿಂದ ಕಮಲಾಕ್ಷಿ: ‘ಯಾರ್ರೀ ಅದು ಹಾಡೋದು?’
‘ನಾನೇ.’
‘ಮತ್ತೆ ನಿಲ್ಲಿಸಿದ್ದು ಯಾಕೆ?’
ರೈಲು ಅನ್ನಲು ಹೋಗಿ ಸುಮ್ಮನಾದೆ.

ಇಲಿಯಾಸ್ ಈಗ ಹಾಸನದಲ್ಲಿ, ಮಗಳ ಮನೆಯಲ್ಲಿ,
ಮೊಮ್ಮಗನನ್ನು ಸ್ಕೂಲಿಗೆ ಬಿಡುವ ಕೆಲಸ.
ಫೋನು ಮಾಡಿ, ಏನೂ ಹೇಳದೆ, ಸ್ಪೀಕರಿನ ಹತ್ತಿರ ಹಿಡಿದೆ.
ಪಲ್ಲವಿ. ಚರಣ. ಲಾಲಾಲ.
ಅಷ್ಟರಲ್ಲಿ ಕಿಟಕಿಯ ಗಾಜು ಅದುರಿತು.
ಅತ್ತಲಿಂದ ಅವನು,
‘ರೈಲು ಕ್ಯಾಸೆಟ್ಟಿಂದಾ, ಈಗಿಂದಾ?’
ಕೈಚಾಚಿ ಟೇಪು ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ.
‘ಈಗಿಂದು’ ಅಂದೆ.
‘ಹೋಗ್ಲಿ, ತಡಿ.’
ಇಬ್ಬರೂ ತಡೆದೆವು.
ಗೂಡ್ಸು. ಬೋಗಿಗೆ ಬೋಗಿ,
ಮುಗಿಯುತ್ತಲೇ ಇಲ್ಲ.